ಮನೆಯೊಳಗೆ ಕಡಲನ್ನು ತಂದವನು: ಫಿಲಿಪ್ ಹೆನ್ರಿ ಗಾಸ್

ಮುಂಬಯಿಯಲ್ಲಿ ಬೆಳೆಯುತ್ತಿರುವ ನಿಮಗೆ ಕಡಲು ಅಪರಿಚಿತವಲ್ಲ. ಚೌಪಾಟಿಯ ಮರಳಿನಲ್ಲಿ ನೀವು ಆಡಿದ್ದೀರಿ. ಮಳೆಗಾಲದಲ್ಲಿ ತಡೆಗೋಡೆಯನ್ನು ಹಾರಿ ಬರುವ ತೆರೆಗಳಲ್ಲಿ ತೊಯ್ದಿದ್ದೀರಿ. ಆದರೆ ಆ ತೆರೆಗಳ ಕೆಳಗೆ ನಡೆಯುವ ಜೀವನವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಕಡಲಿಗೆ ಇಳಿಯದೆಯೇ ಅದನ್ನು ಕಾಣುವ ಸಾಧನವೊಂದಿದೆ. ಅದು ಜಲಜೀವಿಗಳನ್ನು ಸಾಕುವ ಗಾಜಿನ ತೊಟ್ಟಿ. ಅದಕ್ಕೆ ಅಕ್ವೇರಿಯಂ ಎಂದು ಹೆಸರು. 1951ರಲ್ಲಿ ನಮ್ಮ ನಗರದ ಮೆರೀನ್ ಡ್ರೈವಿನಲ್ಲಿ ತಾರಾಪೋರ್‌ವಾಲಾ ಮತ್ಸ್ಯಾಲಯವು ತೆರೆದಾಗ ಜನರು ತಂಡತಂಡವಾಗಿ ಹೋಗಿ ನೋಡಿದುದು ಇಂತಹ ತೊಟ್ಟಿಗಳನ್ನೇ. ಈ ಹೆಸರನ್ನು ಈ ಅರ್ಥದಲ್ಲಿ ರೂಢಿಗೆ ತಂದವನೂ, ಸಾಮಾನ್ಯ ಗೃಹಸ್ಥನು ತನ್ನ ಮನೆಯಲ್ಲಿಯೇ ಕಡಲ ಜೀವಿಗಳನ್ನು ಸಾಕಬಹುದೆಂದು ತೋರಿಸಿದವನೂ ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. ಆತನ ಬಾಳಿನಲ್ಲಿ ಸಾಧನೆಯೂ ಇದೆ, ಸಂಕಟವೂ ಇದೆ. ಎರಡರಿಂದಲೂ ನಾವು ಕಲಿಯಬೇಕಾದುದು ಉಂಟು.

ಗಾಸ್ ಹುಟ್ಟಿದುದು 1810ನೆಯ ಇಸವಿಯ ಏಪ್ರಿಲ್ 6ರಂದು, ವೂಸ್ಟರ್ ಎಂಬ ಊರಿನಲ್ಲಿ. ತಂದೆ ಥಾಮಸ್ ಗಾಸ್ ಊರೂರು ಅಲೆದು ಕಿರುಚಿತ್ರಗಳನ್ನು ಬರೆದು ಜೀವಿಸುವ ಕಲೆಗಾರ. ತಾಯಿ ಹನ್ನಾ ಮದುವೆಗೆ ಮೊದಲು ಶ್ರೀಮಂತರ ಮನೆಯಲ್ಲಿ ಊಳಿಗದಲ್ಲಿದ್ದವಳು. ಮನೆಯಲ್ಲಿ ಬಡತನವೇ ಹೆಚ್ಚು. ಮಗನು ಇನ್ನೂ ಚಿಕ್ಕವನಾಗಿರುವಾಗಲೇ ಸಂಸಾರವು ದಕ್ಷಿಣ ತೀರದ ಪೂಲ್ ಎಂಬ ಬಂದರಿಗೆ ಬಂದು ನೆಲೆಸಿತು. ಅಲ್ಲಿ ಆತನ ಅತ್ತೆಯೊಬ್ಬಳು, ಸೂಸನ್ ಎಂಬಾಕೆ, ಬಂಡೆಗಳ ಸಂದಿನಲ್ಲಿ ಅರಳಿ ನಿಲ್ಲುವ ಸೀ ಅನಿಮನಿ ಎಂಬ ಕಡಲ ಹೂವುಗಳನ್ನು ಹುಡುಗನಿಗೆ ತೋರಿಸಿಕೊಟ್ಟಳು. ನೋಟಕ್ಕೆ ಹೂವು, ನಿಜಕ್ಕೆ ಪ್ರಾಣಿ. ಆ ಕೌತುಕವು ಹುಡುಗನ ಮನಸ್ಸನ್ನು ಹಿಡಿದುದು ಮತ್ತೆ ಬಿಡಲಿಲ್ಲ.

ಆದರೆ ಹೆಚ್ಚು ಕಾಲ ಓದುವ ಭಾಗ್ಯ ಆತನಿಗಿರಲಿಲ್ಲ. ಹದಿನೈದನೆಯ ವಯಸ್ಸಿಗೇ ವ್ಯಾಪಾರಿಗಳ ಕಚೇರಿಯಲ್ಲಿ ಗುಮಾಸ್ತನಾಗಬೇಕಾಯಿತು. 1827ರಲ್ಲಿ, ಹದಿನೇಳರ ಪ್ರಾಯದಲ್ಲಿ, ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಕಾರ್ಬೊನಿಯರ್ ಎಂಬ ಊರಿಗೆ ಹೋದನು. ಅಲ್ಲಿ ಮೀನಿನ ವ್ಯಾಪಾರದ ಮಳಿಗೆಯೊಂದರಲ್ಲಿ ಲೆಕ್ಕ ಬರೆಯುವುದು ಆತನ ಕೆಲಸ. ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಬಂದವರ ಮಕ್ಕಳಾದ ನಿಮಗೆ ಆತನ ಸ್ಥಿತಿಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಗಲೆಲ್ಲ ಲೆಕ್ಕದ ಪುಸ್ತಕ. ಬಿಡುವಿನಲ್ಲಿ ಕೀಟಗಳ ಅನ್ವೇಷಣೆ. 1832ರಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಹಳೆಯ ಗ್ರಂಥವೊಂದನ್ನು ಆತನು ಕೊಂಡುಕೊಂಡನು. ಅದನ್ನೇ ಗುರುವಾಗಿ ಮಾಡಿಕೊಂಡು ಕಂಡ ಕೀಟವನ್ನೆಲ್ಲ ಪರೀಕ್ಷಿಸಿ, ಬಣ್ಣದಲ್ಲಿ ಚಿತ್ರಿಸಿ, ಟಿಪ್ಪಣಿ ಬರೆದಿಡತೊಡಗಿದನು. ತಂದೆಯಿಂದ ಬಂದ ಕೈಚಳಕವು ಇಲ್ಲಿ ನೆರವಾಯಿತು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಹತ್ತದ ಆತನಿಗೆ ಇದೇ ವಿದ್ಯಾಭ್ಯಾಸ.

1835ರಲ್ಲಿ ಗಾಸ್ ಕೆನಡಾಕ್ಕೆ ಹೋಗಿ ಮೂರು ವರ್ಷ ಬೇಸಾಯ ಮಾಡಿದನು. ಬೆಳೆಯು ಕೈಗೆ ಹತ್ತಲಿಲ್ಲ. ಅಲ್ಲಿಂದ 1838ರಲ್ಲಿ ಅಮೆರಿಕದ ಅಲಬಾಮಾ ಪ್ರಾಂತಕ್ಕೆ ಹೋಗಿ ಹತ್ತಿಯ ತೋಟಗಾರರ ಮಕ್ಕಳಿಗೆ ಉಪಾಧ್ಯಾಯನಾದನು. ಅಲ್ಲಿನ ಗುಲಾಮಗಿರಿಯ ಕ್ರೌರ್ಯವನ್ನು ಕಂಡು ಆತನ ಮನಸ್ಸು ರೋಸಿಹೋಯಿತು. ಮರುವರ್ಷವೇ ಇಂಗ್ಲೆಂಡಿಗೆ ಹಿಂದಿರುಗಿದನು. ಜೇಬಿನಲ್ಲಿ ಹಣವಿರಲಿಲ್ಲ, ಪೆಟ್ಟಿಗೆಯಲ್ಲಿ ಹಸ್ತಪ್ರತಿಯಿತ್ತು. ಕೆನಡಾದ ನಿಸರ್ಗವನ್ನು ವರ್ಣಿಸುವ ಆ ಗ್ರಂಥವು 1840ರಲ್ಲಿ ಪ್ರಕಟವಾಯಿತು. ಲಂಡನ್ನಿನ ಹ್ಯಾಕ್ನಿಯಲ್ಲಿ ಸಣ್ಣದೊಂದು ಶಾಲೆಯನ್ನು ನಡೆಸುತ್ತ ಆತನು ಬರವಣಿಗೆಯನ್ನು ಮುಂದುವರಿಸಿದನು. 1844ರಲ್ಲಿ ಜಮೈಕಾ ದ್ವೀಪಕ್ಕೆ ಹೋಗಿ, ಹದಿನೆಂಟು ತಿಂಗಳು ಅಲ್ಲಿದ್ದು, ಪಕ್ಷಿಗಳನ್ನು ಅಭ್ಯಸಿಸಿ ಬಂದನು. 1848ರಲ್ಲಿ ಎಮಿಲಿ ಬೋಸ್ ಎಂಬ ವಿದುಷಿಯನ್ನು ವಿವಾಹವಾದನು. ಮರುವರ್ಷ ಮಗ ಎಡ್ಮಂಡ್ ಹುಟ್ಟಿದನು. ಆ ದಿನ ಜಮೈಕಾದಿಂದ ಹಸುರು ಬಣ್ಣದ ಹಕ್ಕಿಯೊಂದು ಬಂದು ತಲುಪಿತ್ತು. ಗಾಸ್ ತನ್ನ ದಿನಚರಿಯಲ್ಲಿ ಪುತ್ರಜನ್ಮವನ್ನೂ ಹಕ್ಕಿಯ ಆಗಮನವನ್ನೂ ಒಂದರ ಪಕ್ಕದಲ್ಲೊಂದು, ಸಮಾನವಾಗಿಯೇ, ಬರೆದಿಟ್ಟನು. ಆತನ ಸ್ವಭಾವವನ್ನು ತಿಳಿಯಲು ಇದೊಂದು ಸಂಗತಿ ಸಾಕು.

ಅತಿಯಾದ ದುಡಿಮೆಯಿಂದ ಆತನ ಆರೋಗ್ಯವು ಕೆಟ್ಟಿತು. 1852ರಲ್ಲಿ ವೈದ್ಯರ ಸಲಹೆಯಂತೆ ಡೆವನ್ ಪ್ರಾಂತದ ಕಡಲ ತೀರಕ್ಕೆ ಬಂದನು. ಇಲ್ಲಿಂದಲೇ ಆತನ ನಿಜವಾದ ಕಾರ್ಯವು ಮೊದಲಾಯಿತು. ಇಳಿತದ ವೇಳೆಯಲ್ಲಿ ಬಂಡೆಗಳ ನಡುವೆ ನಿಲ್ಲುವ ಮಡುಗಳಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಆತನು ಕಡಲ ಹೂಗಳನ್ನೂ ಹುಳುಗಳನ್ನೂ ಹವಳಗಳನ್ನೂ ಸಂಗ್ರಹಿಸಿದನು. ಇಲ್ಫ್ರಾಕೂಂಬ್ ಎಂಬಲ್ಲಿ ಕಡುಗೆಂಪು ಮತ್ತು ಹೊಂಬಣ್ಣದ ಸಣ್ಣ ಹವಳವೊಂದನ್ನು ಕಂಡು 1853ರಲ್ಲಿ ಮೊದಲ ಬಾರಿಗೆ ಅದನ್ನು ವರ್ಣಿಸಿ ಹೆಸರಿಟ್ಟನು. ಇದು ಒಂದು ಬಗೆಯ ಕಲ್ಲುಹವಳ. ಕಲ್ಲುಹವಳವು ಕಡಲ ಹೂವಿನ ದಾಯಾದಿ. ಮೆತ್ತನೆಯ ಈ ಪ್ರಾಣಿಯು ನೀರಿನಲ್ಲಿ ಕರಗಿರುವ ಸುಣ್ಣವನ್ನು ಹೀರಿಕೊಂಡು ತನ್ನ ಬುಡದಲ್ಲಿ ಕಲ್ಲಿನ ಬಟ್ಟಲನ್ನು ತಾನೇ ಕಟ್ಟಿಕೊಳ್ಳುತ್ತದೆ. ಈ ಸುಣ್ಣದ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಇದರಿಂದ ನಮಗೆ ಕೆಲಸವಿದೆ.

ಹಿಡಿದ ಜೀವಿಗಳನ್ನು ಬದುಕಿಸುವುದು ಹೇಗೆ? ಪಾತ್ರೆಯಲ್ಲಿಟ್ಟ ಕಡಲ ನೀರು ಕೆಲವೇ ದಿನಗಳಲ್ಲಿ ನಾರತೊಡಗುತ್ತಿತ್ತು, ಜೀವಿಗಳು ಸಾಯುತ್ತಿದ್ದವು. ಗಾಸ್‌ಗಿಂತ ಮೊದಲು ಆನಾ ಥಿನ್ ಎಂಬ ಮಹಿಳೆಯು 1846ರಲ್ಲಿ ಡೆವನ್ನಿನ ಟಾರ್ಕಿಯಿಂದ ಕಲ್ಲುಹವಳಗಳನ್ನು ಲಂಡನ್ನಿಗೆ ಒಯ್ದು ಸಾಕಿದ್ದಳು. ನೀರಿಗೆ ಗಾಳಿ ಬೆರೆಯಲೆಂದು ಅದನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಹೊಯ್ಯಿಸುತ್ತಿದ್ದಳು. ನಮ್ಮ ಹೋಟೆಲುಗಳಲ್ಲಿ ಚಹಾ ಆರಿಸುವ ರೀತಿಯನ್ನು ನೆನೆದರೆ ಇದು ನಿಮಗೆ ತಿಳಿದೀತು. 1850ರಲ್ಲಿ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞನು ಸಿಹಿನೀರಿನ ಪಾತ್ರೆಯಲ್ಲಿ ಹೊಂಬಣ್ಣದ ಮೀನು, ನೀರಿನ ಸಸ್ಯ, ಬಸವನಹುಳು ಈ ಮೂರನ್ನೂ ಕೂಡಿಸಿಟ್ಟನು. ಸಸ್ಯವು ಪ್ರಾಣವಾಯುವನ್ನು ಕೊಟ್ಟಿತು, ಬಸವನಹುಳು ಕೊಳೆತ ಎಲೆಯನ್ನು ತಿಂದಿತು, ಮೀನು ಬದುಕಿತು. ಇದೇ ಸಮತೋಲದ ತತ್ತ್ವವನ್ನು ಗಾಸ್ ತನ್ನಷ್ಟಕ್ಕೆ ತಾನೇ ಕಡಲ ನೀರಿನಲ್ಲಿ ಪ್ರಯೋಗಿಸಿದನು. ಕಡಲ ಪಾಚಿಯೊಡನೆ ಇಟ್ಟ ಜೀವಿಗಳು ನೀರು ಬದಲಾಯಿಸದಿದ್ದರೂ ಬಹುಕಾಲ ಬಾಳಿದವು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಜಲಜೀವಿಗಳ ಗೃಹವು ತೆರೆಯಿತು. ಅದರ ತೊಟ್ಟಿಗಳಿಗೆ ಬೇಕಾದ ಕಡಲ ಜೀವಿಗಳನ್ನು ಗಾಸ್ ಒದಗಿಸಿದನು. ಮರುವರ್ಷ, 1854ರಲ್ಲಿ, ಅಕ್ವೇರಿಯಂ ಎಂಬ ಹೆಸರಿನಿಂದಲೇ ಆತನ ಗ್ರಂಥವು ಹೊರಬಂದಿತು. ಆತನೇ ಬರೆದ ವರ್ಣಚಿತ್ರಗಳು ಅದರ ಸೊಬಗನ್ನು ಹೆಚ್ಚಿಸಿದ್ದವು.

ಕಡಲಿನಿಂದ ದೂರವಿರುವ ಊರಿನವರು ಏನು ಮಾಡಬೇಕು? ಇದಕ್ಕೂ ಗಾಸ್ ಅದೇ ವರ್ಷ ಉಪಾಯ ಹೂಡಿದನು. ಬ್ರೈಟನ್ನಿನ ಬಳಿಯ ಕಡಲ ನೀರನ್ನು ಶ್ವೈಟ್ಸರ್ ಎಂಬ ರಸಾಯನಶಾಸ್ತ್ರಜ್ಞನು ವಿಶ್ಲೇಷಿಸಿದ್ದನು. ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಗಾಸ್ ಕೃತಕ ಕಡಲ ನೀರನ್ನು ಸಿದ್ಧಪಡಿಸಿದನು. ಅಡಿಗೆಯ ಉಪ್ಪು ಮೂರೂವರೆ ಔನ್ಸು, ಎಪ್ಸಮ್ ಉಪ್ಪು ಕಾಲು ಔನ್ಸು, ಮೆಗ್ನೀಸಿಯಂ ಕ್ಲೋರೈಡ್ 200 ಗ್ರೇನು, ಪೊಟ್ಯಾಸಿಯಂ ಕ್ಲೋರೈಡ್ 40 ಗ್ರೇನು. ಇಷ್ಟಕ್ಕೆ ನಾಲ್ಕು ಕ್ವಾರ್ಟಿಗಿಂತ ತುಸು ಕಡಿಮೆ ನೀರು. ಮೊದಲು ಹಸುರು ಪಾಚಿಯನ್ನಿಟ್ಟು, ಕೆಲವು ದಿನಗಳ ಮೇಲೆ ಜೀವಿಗಳನ್ನು ಬಿಟ್ಟನು. ಅವು ಬದುಕಿದವು. ಲಂಡನ್ನಿನ ಕೋಣೆಯೊಳಗೆ ಕಡಲು ಬಂದಂತಾಯಿತು.

ಆದರೆ ಶ್ವೈಟ್ಸರನ ಪಟ್ಟಿಯಲ್ಲಿದ್ದ ಎಲ್ಲವನ್ನೂ ಗಾಸ್ ಸೇರಿಸಲಿಲ್ಲ. ಬ್ರೋಮಿನ್ನಿನ ಲವಣವೊಂದನ್ನೂ ಸುಣ್ಣದ ಎರಡು ಲವಣಗಳನ್ನೂ, ಅವುಗಳ ಪ್ರಮಾಣವು ಅಲ್ಪವೆಂಬ ಕಾರಣದಿಂದ, ಬಿಟ್ಟುಬಿಟ್ಟನು. ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಆ ಪಟ್ಟಿಯಲ್ಲಿ ಜಿಪ್ಸಂ ರೂಪದಲ್ಲಿದ್ದ ಸುಣ್ಣದ ಲವಣವು ಒಂದೂವರೆ ಗ್ರಾಮಿಗೂ ಕಡಿಮೆ. ಅಲ್ಪವೆಂದು ತೋರಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೂ ಕಲ್ಲುಹವಳಕ್ಕೆ ಮನೆ ಕಟ್ಟಲು ಬೇಕಾದುದು ಆ ಅಲ್ಪವೇ.

ಹಾಗಾದರೆ ಆತನ ತೊಟ್ಟಿಗಳಿಗೆ ಕೇಡಾಗಲಿಲ್ಲವೇಕೆ? ಕಡಲ ಹೂವು ಕಲ್ಲನ್ನು ಕಟ್ಟುವುದಿಲ್ಲ. ಆದುದರಿಂದ ಅದಕ್ಕೆ ಈ ಕೊರತೆಯು ಬೇಗ ತಟ್ಟಲಾರದು. ಬ್ರಿಟನ್ನಿನ ತಣ್ಣನೆಯ ತೀರದ ಒಂಟಿ ಹವಳವು ಬೆಳೆಯುವುದು ಬಹಳ ನಿಧಾನ. ಅಲ್ಲದೆ ಲಂಡನ್ನಿನ ಸುತ್ತಲಿನ ನೆಲವು ಸೀಮೆಸುಣ್ಣದ ಬಂಡೆ. ಅಲ್ಲಿನ ಗಡಸು ನೀರಿನಲ್ಲಿ ಸ್ವಲ್ಪ ಸುಣ್ಣವು ತಾನಾಗಿಯೇ ಇರುತ್ತದೆ. ತೊಟ್ಟಿಯ ನೀರು ಆವಿಯಾಗಿ ಹೋದಾಗ ಉಪ್ಪು ಒಳಗೇ ಉಳಿಯುವುದರಿಂದ, ಆ ಕೊರತೆಗೆ ಸಿಹಿನೀರನ್ನೇ ಸುರಿಯಬೇಕಾಗುತ್ತದೆ. ಹೀಗೆ ಸುರಿದ ಗಡಸು ನೀರು, ಸುರಿದವನಿಗೆ ತಿಳಿಯದಂತೆಯೇ, ಸುಣ್ಣವನ್ನೂ ಕೊಂಚಕೊಂಚ ಸೇರಿಸುತ್ತದೆ.

ಇಂದು ಉಷ್ಣ ಸಮುದ್ರದ ಹವಳಗಳನ್ನು ಮನೆಯ ತೊಟ್ಟಿಯಲ್ಲಿ ಬೆಳೆಸುವವರು ಅನೇಕ ದೇಶಗಳಲ್ಲಿದ್ದಾರೆ. ಗಾಸ್ ಬಿಟ್ಟುಬಿಟ್ಟ ಸುಣ್ಣವೇ ಅವರ ನಿತ್ಯದ ಚಿಂತೆ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಸುಣ್ಣದ ಮೂಲಧಾತುವೇ ಕ್ಯಾಲ್ಸಿಯಂ. ತೊಟ್ಟಿಯಲ್ಲಿ ಅದು 380ರಿಂದ 450ರವರೆಗೆ ಇರಬೇಕು. ಇದರ ಜೊತೆಗೆ ಬೇಕಾದುದು ಕ್ಷಾರತೆ. ನೀರಿಗೆ ಹುಳಿ ಬೆರೆತರೂ ಅದನ್ನು ತಾಳಿಕೊಳ್ಳುವ ಶಕ್ತಿಗೆ ಈ ಹೆಸರು. ಕಡಲ ನೀರಿನಲ್ಲಿ ಈ ಶಕ್ತಿಯು ಹೆಚ್ಚಾಗಿ ಬೈಕಾರ್ಬೊನೇಟಿನಿಂದ ಬರುತ್ತದೆ. ನಿಮ್ಮ ತಾಯಂದಿರು ಅಡಿಗೆಯಲ್ಲಿ ಬಳಸುವ ಸೋಡಾದಲ್ಲಿರುವುದೂ ಅದೇ ಅಂಶ. ಬಣ್ಣದ ಸೂಚಕವನ್ನು ಬೆರೆಸಿದ ನೀರಿಗೆ ಆಮ್ಲವನ್ನು ಹನಿಹನಿಯಾಗಿ ಬಿಟ್ಟು, ಬಣ್ಣ ತಿರುಗಲು ಎಷ್ಟು ಹನಿ ಬೇಕಾಯಿತೆಂದು ಎಣಿಸಿ, ಕ್ಷಾರತೆಯನ್ನು ಅಳೆಯುತ್ತಾರೆ. ರೂಢಿಯ ಅಳತೆಯಲ್ಲಿ ಕಡಲಿನ ಕ್ಷಾರತೆ ಸುಮಾರು 7 ಡಿಗ್ರಿ. ತೊಟ್ಟಿಯಲ್ಲಿ 7ರಿಂದ 11ರವರೆಗೆ ಇರಿಸುವುದು ವಾಡಿಕೆ.

ಹವಳವು ಕ್ಯಾಲ್ಸಿಯಮನ್ನೂ ಕ್ಷಾರತೆಯನ್ನೂ ಒಂದು ನಿಶ್ಚಿತ ಪ್ರಮಾಣದಲ್ಲಿಯೇ ನೀರಿನಿಂದ ತೆಗೆದುಕೊಳ್ಳುತ್ತದೆ. ಕ್ಷಾರತೆಯಲ್ಲಿ ಒಂದು ಡಿಗ್ರಿ ಇಳಿದರೆ ಲೀಟರಿಗೆ ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ ಇಳಿದಿರುತ್ತದೆ. 420ರಲ್ಲಿ 7 ಹೋದರೆ ಕಣ್ಣಿಗೆ ಬೀಳುವುದಿಲ್ಲ. 8ರಲ್ಲಿ 1 ಹೋದರೆ ಎಂಟನೆಯ ಒಂದು ಪಾಲೇ ಹೋದಂತೆ. ಆದುದರಿಂದ ಬಲ್ಲವರು ಮೊದಲು ಕ್ಷಾರತೆಯನ್ನೇ ಪರೀಕ್ಷಿಸುತ್ತಾರೆ. ಕಡಲಿನಲ್ಲಿ ನೀರಿಗೆ ಮಿತಿಯಿಲ್ಲ, ಹೋದುದನ್ನು ಹೊಳೆಗಳು ತಂದು ತುಂಬುತ್ತವೆ. ತೊಟ್ಟಿಯಲ್ಲಿ ಸಾಕುವವನೇ ತುಂಬಬೇಕು.

ತುಂಬುವ ಬಗೆಗಳಲ್ಲಿ ಸರಳವಾದುದು ಸುಣ್ಣದ ತಿಳಿನೀರು. ಒಂದು ಲೀಟರು ಶುದ್ಧ ನೀರಿನಲ್ಲಿ ಸುಮಾರು ಒಂದೂವರೆ ಗ್ರಾಂ ಅರಳಿದ ಸುಣ್ಣವು ಕರಗುತ್ತದೆ. ಗಷ್ಟನ್ನು ಕೆಳಗುಳಿಸಿ, ಮೇಲಿನ ತಿಳಿಯನ್ನು ಮಾತ್ರ, ಆವಿಯಾಗಿ ಹೋದ ನೀರಿನ ಬದಲಿಗೆ ಹನಿಹನಿಯಾಗಿ ಬಿಡಬೇಕು. ಅದರಲ್ಲಿ ಕ್ಯಾಲ್ಸಿಯಮೂ ಕ್ಷಾರತೆಯೂ ಹವಳಕ್ಕೆ ಬೇಕಾದ ಪ್ರಮಾಣದಲ್ಲಿಯೇ ಇವೆ. ಅವಸರದಿಂದ ಒಮ್ಮೆಗೇ ಸುರಿದರೆ ತೊಟ್ಟಿಯೆಲ್ಲ ಹಾಲಿನಂತೆ ಬೆಳ್ಳಗಾಗಿ, ಸುಣ್ಣವು ಪುಡಿಯಾಗಿ ತಳಕ್ಕಿಳಿಯುತ್ತದೆ, ಇದ್ದುದೂ ಹೋಗುತ್ತದೆ. ತಿಳಿಯಾದ ಸುಣ್ಣದ ನೀರಿಗೆ ಕೊಳವೆಯಿಂದ ಉಸಿರು ಊದಿದಾಗ ಅದು ಬೆಳ್ಳಗಾಗುವುದನ್ನು ನೀವು ವಿಜ್ಞಾನದ ತರಗತಿಯಲ್ಲಿ ಕಂಡಿದ್ದೀರಿ. ಎರಡೂ ಕಡೆ ಉಂಟಾಗುವ ಬಿಳಿಯ ಪುಡಿಯು ಒಂದೇ. ಇನ್ನು ಕೆಲವರು ಕ್ಯಾಲ್ಸಿಯಂ ಕ್ಲೋರೈಡು ಮತ್ತು ಸೋಡಾಗಳನ್ನು ಬೇರೆಬೇರೆಯಾಗಿ ಕರಗಿಸಿ, ಅಳತೆ ಮಾಡಿ, ಹೊತ್ತುಹೊತ್ತಿಗೆ ಸೇರಿಸುತ್ತಾರೆ. ಸುಣ್ಣವು ಹೀಗೆ ಅಕಾಲದಲ್ಲಿ ಪುಡಿಯಾಗದಂತೆ ತಡೆಯುವುದು ನೀರಿನಲ್ಲಿರುವ ಮೆಗ್ನೀಸಿಯಂ; ಅದನ್ನು ಮಾತ್ರ ಗಾಸ್ ತನ್ನ ಮಿಶ್ರಣದಲ್ಲಿ ಮರೆಯದೆ ಸೇರಿಸಿದ್ದನು.

ಇನ್ನು ಆತನ ಬಾಳಿನ ಉತ್ತರಾರ್ಧಕ್ಕೆ ಬರೋಣ. 1856ರಲ್ಲಿ ಗಾಸ್ ರಾಯಲ್ ಸೊಸೈಟಿಯ ಸದಸ್ಯನಾಗಿ ಆಯ್ಕೆಯಾದನು. ಶಾಲೆಯನ್ನು ಬೇಗನೆ ಬಿಟ್ಟ ಗುಮಾಸ್ತನಿಗೆ ಇದಕ್ಕಿಂತ ದೊಡ್ಡ ಮನ್ನಣೆ ಬೇರೆ ಇರಲಾರದು. ಆದರೆ 1857ರ ಫೆಬ್ರವರಿಯಲ್ಲಿ ಪತ್ನಿ ಎಮಿಲಿ ಅರ್ಬುದ ರೋಗದಿಂದ ತೀರಿಕೊಂಡಳು. ಅದೇ ವರ್ಷ, ಭೂಮಿಯ ಪ್ರಾಚೀನತೆಯನ್ನು ತನ್ನ ಧರ್ಮಶ್ರದ್ಧೆಯೊಡನೆ ಹೊಂದಿಸಲು ಆತನು ಬರೆದ ಗ್ರಂಥವನ್ನು ವಿಜ್ಞಾನಿಗಳೂ ಒಪ್ಪಲಿಲ್ಲ, ಶ್ರದ್ಧಾವಂತರೂ ಒಪ್ಪಲಿಲ್ಲ. ತಾಯಿಯಿಲ್ಲದ ಮಗನನ್ನು ಕರೆದುಕೊಂಡು ಗಾಸ್ ಡೆವನ್ನಿನ ಸೇಂಟ್ ಮೇರಿಚರ್ಚ್ ಎಂಬ ಊರಿಗೆ ಹೋಗಿ ನೆಲೆಸಿದನು. ದುಃಖದಲ್ಲಿಯೂ ಕೆಲಸವನ್ನು ಬಿಡಲಿಲ್ಲ. 1858ರಿಂದ 1860ರವರೆಗೆ ಭಾಗಭಾಗವಾಗಿ ಪ್ರಕಟವಾದ, ಬ್ರಿಟನ್ನಿನ ಕಡಲ ಹೂ ಮತ್ತು ಹವಳಗಳನ್ನು ಕುರಿತ ಆತನ ಮಹಾಗ್ರಂಥವು ಈ ಕಾಲದ ಫಲ. ಆನಾ ಥಿನ್ ಹವಳಗಳನ್ನು ಕುರಿತು ಬರೆದಿಟ್ಟಿದ್ದ ಅನುಭವಗಳು ತನ್ನ ಟಿಪ್ಪಣಿಗಳೊಡನೆ 1859ರಲ್ಲಿ ಬೆಳಕು ಕಾಣುವಂತೆ ಮಾಡಿದವನೂ ಆತನೇ. 1860ರಲ್ಲಿ ಎಲೈಜಾ ಬ್ರೈಟ್‌ವೆನ್ ಎಂಬಾಕೆಯನ್ನು ಮರುಮದುವೆಯಾದನು.

ಆದರೆ ಎಲ್ಲಕ್ಕಿಂತ ಆಳವಾದ ನೋವು ಆತನ ಯಶಸ್ಸಿನಿಂದಲೇ ಹುಟ್ಟಿತು. ಗ್ರಂಥಗಳನ್ನು ಓದಿದ ಜನರಿಗೆ ತೊಟ್ಟಿಯ ಹುಚ್ಚು ಹಿಡಿಯಿತು. ರೈಲುಗಾಡಿಗಳಲ್ಲಿ ಬಂದಿಳಿದ ನಗರವಾಸಿಗಳು ಬುಟ್ಟಿ, ಬಾಟಲಿ, ಸುತ್ತಿಗೆ, ಉಳಿಗಳೊಡನೆ ತೀರಕ್ಕೆ ನುಗ್ಗಿದರು. ಒಬ್ಬೊಬ್ಬನೂ ಒಯ್ದುದು ಅಲ್ಪವೇ. ಒಂದು ಕಡಲ ಹೂವು, ಒಂದು ಹಿಡಿ ಪಾಚಿ, ಒಂದು ತುಣುಕು ಹವಳ. ಒಯ್ದವರಲ್ಲಿ ಹೆಚ್ಚಿನವರಿಗೆ ಸಾಕುವ ವಿದ್ಯೆ ತಿಳಿಯದು. ಜೀವಿಗಳು ಸತ್ತಾಗ ಮತ್ತಷ್ಟನ್ನು ತರಲು ಬಂದರು. ಶತಮಾನಗಳಿಂದ ತುಂಬಿ ನಿಂತಿದ್ದ ಮಡುಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಅರುವತ್ತರ ದಶಕವು ಮುಗಿಯುವಷ್ಟರಲ್ಲಿ ಜನರ ಹುಚ್ಚೂ ಇಳಿದು, ತೊಟ್ಟಿಗಳು ಮೂಲೆ ಸೇರಿದ್ದವು. ಬರಿದಾದ ಬಂಡೆಗಳ ನಡುವೆ ನಿಂತ ಗಾಸ್‌ಗೆ, ಈ ವಿನಾಶದಲ್ಲಿ ತನ್ನ ಪಾಲೂ ಇದೆಯೆಂಬ ಅರಿವು ಬಾಧಿಸಿತು. ಮುಂದೆ ಹೆಸರಾಂತ ಸಾಹಿತಿಯಾದ ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ತಂದೆಯ ಈ ವ್ಯಥೆಯನ್ನು ದಾಖಲಿಸಿದ್ದಾನೆ. 1888ರ ಆಗಸ್ಟ್ 23ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಗಾಸ್ ಕಾಲವಾದನು.

ಈ ಕಥೆಯು ದೂರದ ದೇಶದ್ದೆಂದು ತಿಳಿಯಬೇಡಿರಿ. ನಮ್ಮ ಉತ್ತರ ಕನ್ನಡದ ಮುರುಡೇಶ್ವರದ ಎದುರು ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಈ ಮುಂಬಯಿಯಲ್ಲಿಯೇ ಹಾಜಿ ಅಲಿ ಮತ್ತು ವರ್ಲಿಗಳ ಬಂಡೆಗಳ ಮೇಲೆ ಹವಳಗಳಿದ್ದುದನ್ನು ಕಂಡು, ಕರಾವಳಿ ರಸ್ತೆಯನ್ನು ಕಟ್ಟುವಾಗ 2020ರಲ್ಲಿ ಕೆಲವನ್ನು ಎಚ್ಚರಿಕೆಯಿಂದ ಬೇರೆಡೆಗೆ ಸಾಗಿಸಲಾಯಿತು. ಭಾರತದಲ್ಲಿ ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅವುಗಳನ್ನು ಕಿತ್ತು ತರುವುದು ಅಪರಾಧ. ಗಾಸ್‌ನ ಕಾಲದ ಡೆವನ್ ತೀರಕ್ಕೆ ಇಂತಹ ರಕ್ಷಣೆ ಇರಲಿಲ್ಲ.

ನೀರಿನಲ್ಲಿದ್ದ ಸುಣ್ಣವನ್ನು ಗಾಸ್ ಅಲ್ಪವೆಂದು ಬಿಟ್ಟನು. ಅದೇ ಹವಳದ ಆಧಾರವೆಂದು ಹಿಂದಿನಿಂದ ಬಂದವರು ಅರಿತರು. ತೀರದಿಂದ ಒಯ್ಯುವ ಒಂದು ಹಿಡಿಯನ್ನು ಜನರು ಅಲ್ಪವೆಂದೆಣಿಸಿದರು. ಹಿಡಿಹಿಡಿಯಾಗಿಯೇ ತೀರವು ಬರಿದಾಯಿತು. ತೊಟ್ಟಿಯಲ್ಲಿ ಕೊರತೆಯಾದುದನ್ನು ಅಳೆದು ತುಂಬಬಹುದು. ಕಡಲ ತೀರಕ್ಕೆ ಹಾಗೆ ತುಂಬಿಕೊಡುವ ಸೀಸೆಯಿಲ್ಲ. ಆದುದರಿಂದ ಮುಂದಿನ ಬಾರಿ ಇಳಿತದ ಹೊತ್ತಿನಲ್ಲಿ ಬಂಡೆಗಳ ಬಳಿಗೆ ಹೋದಾಗ ಬಾಗಿ ನೋಡಿರಿ, ಕಂಡುದನ್ನು ಗಾಸ್‌ನಂತೆ ಪುಸ್ತಕದಲ್ಲಿ ಬರೆದುಕೊಳ್ಳಿರಿ, ಚಿತ್ರಿಸಿರಿ. ಅಲ್ಲಿರುವುದನ್ನು ಅಲ್ಲಿಯೇ ಬಿಟ್ಟು ಬನ್ನಿರಿ.